ಗಾಳಿಯಿಂದ ಅಣುವಿನವರೆಗೆ: ನಿಮಿರು ದೌರ್ಬಲ್ಯ ಅರ್ಥವಾದ ಬಗೆ

1992ರ ಡಿಸೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ವೈದ್ಯರು ಹಾಗೂ ವಿಜ್ಞಾನಿಗಳ ಒಂದು ಸಭೆ ಕರೆದಿದ್ದವು. ಆ ಸಭೆಯ ಮುಂದಿದ್ದ ವಿಷಯಗಳಲ್ಲಿ ಒಂದು ಪದದ ಪ್ರಶ್ನೆಯೂ ಸೇರಿತ್ತು. ಸಂಭೋಗಕ್ಕೆ ಬೇಕಾಗುವಷ್ಟು ಶಿಶ್ನ ನಿಮಿರದಿರುವುದನ್ನು, ಅಥವಾ ನಿಮಿರಿದರೂ ಆ ಸ್ಥಿತಿ ಉಳಿಯದಿರುವುದನ್ನು ಅದುವರೆಗೆ ವೈದ್ಯರು ‘ಇಂಪೊಟೆನ್ಸ್’ ಎಂದು ಕರೆಯುತ್ತಿದ್ದರು. ಶಕ್ತಿಹೀನತೆ ಎಂದು ಅದರ ಅರ್ಥ. ಈ ಪದವನ್ನು ಕೈಬಿಟ್ಟು ‘ಇರೆಕ್ಟೈಲ್ ಡಿಸ್‌ಫಂಕ್ಷನ್’ ಎಂಬ ಪದವನ್ನು ಬಳಸಬೇಕೆಂದು ಸಭೆ ಸೂಚಿಸಿತು. ಕನ್ನಡದಲ್ಲಿ ಇದನ್ನು ನಿಮಿರು ದೌರ್ಬಲ್ಯ ಎನ್ನಬಹುದು. ನಮ್ಮಲ್ಲಿ ಬಳಕೆಯಲ್ಲಿರುವ ‘ಷಂಡತನ’ ಎಂಬ ಪದ ಕೂಡ ಕಾಯಿಲೆಯ ಹೆಸರಿಗಿಂತ ಹೆಚ್ಚಾಗಿ ಬೈಗುಳವೇ ಆಗಿದೆ. ಒಂದು ಅಂಗದ ಕೆಲಸದಲ್ಲಿ ಬಂದ ತೊಡಕನ್ನು ಅದು ಇಡೀ ಮನುಷ್ಯನ ದೋಷವೆಂದು ಹೇಳುತ್ತದೆ.

ಹೆಸರು ಬದಲಿಸುವುದು ಸುಲಭ, ತಿಳಿವಳಿಕೆ ಬದಲಾಗುವುದು ಕಷ್ಟ. ನಿಮಿರುವಿಕೆ ಎಂದರೇನು, ಅದು ಏಕೆ ಕೈಕೊಡುತ್ತದೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯಲು ಎರಡು ಸಾವಿರ ವರ್ಷಗಳೇ ಬೇಕಾದವು. ಈ ಅವಧಿಯಲ್ಲಿ ದೋಷವನ್ನು ಗಾಳಿಯ ಮೇಲೆ, ಮಾಟಗಾತಿಯರ ಮೇಲೆ, ಗ್ರಂಥಿಗಳ ಮೇಲೆ, ಕೊನೆಗೆ ರೋಗಿಯ ಮನಸ್ಸಿನ ಮೇಲೆ ಹೊರಿಸಲಾಯಿತು. ಆ ಕಥೆಯನ್ನು ತಿಳಿದರೆ, ಇಂದು ಈ ತೊಂದರೆ ಉಳ್ಳವರು ವೈದ್ಯರ ಬಳಿಗೆ ಏಕೆ ಹೋಗಬೇಕು ಎಂಬುದೂ ತಿಳಿಯುತ್ತದೆ.

ಗಾಳಿಯೋ ರಕ್ತವೋ?

ನಮ್ಮ ಪ್ರಾಚೀನ ವೈದ್ಯರು ಈ ತೊಂದರೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ಚರಕ ಸಂಹಿತೆಯು ‘ಕ್ಲೈಬ್ಯ’ವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ಬೀಜದ ದೋಷದಿಂದ ಬರುವುದು, ಅಂಗಕ್ಕೇ ಆದ ಹಾನಿಯಿಂದ ಬರುವುದು, ಮುಪ್ಪಿನಿಂದ ಬರುವುದು ಮತ್ತು ಶುಕ್ರಕ್ಷಯದಿಂದ ಬರುವುದು. ಕಾರಣ ಒಂದೇ ಅಲ್ಲ, ಹಲವು ಎಂಬ ಈ ನೋಟ ಗಮನಾರ್ಹವಾದುದು. ಸುಮಾರು ಸಾವಿರ ವರ್ಷಗಳ ಹಿಂದೆ ಪರ್ಷಿಯಾದ ವೈದ್ಯ ಇಬ್ನ್ ಸೀನಾ, ಮಧುಮೇಹಿಗಳಲ್ಲಿ ಲೈಂಗಿಕ ಶಕ್ತಿ ಕುಂದುವುದನ್ನು ಗುರುತಿಸಿದ್ದನು.

ಆದರೆ ನಿಮಿರುವಿಕೆ ನಡೆಯುವ ಬಗೆ ಮಾತ್ರ ಯಾರಿಗೂ ತಿಳಿದಿರಲಿಲ್ಲ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್‌ನ ಪ್ರಕಾರ ಶಿಶ್ನವನ್ನು ಉಬ್ಬಿಸುವುದು ಒಂದು ಬಗೆಯ ವಾಯು. ಯೂರೋಪಿನ ವೈದ್ಯರು ಈ ಮಾತನ್ನು ಸಾವಿರಕ್ಕೂ ಹೆಚ್ಚು ವರ್ಷ ನಂಬಿದ್ದರು. 15ನೇ ಶತಮಾನದ ಕೊನೆಯ ಭಾಗದಲ್ಲಿ ಇಟಲಿಯ ಕಲಾವಿದ ಲಿಯೊನಾರ್ಡೊ ಡ ವಿಂಚಿ ಇದನ್ನು ಪ್ರಶ್ನಿಸಿದನು. ಗಲ್ಲಿಗೇರಿಸಲ್ಪಟ್ಟವರ ದೇಹಗಳಲ್ಲಿ ಕೆಲವೊಮ್ಮೆ ಶಿಶ್ನ ನಿಮಿರಿರುತ್ತಿತ್ತು. ಅಂಥ ದೇಹಗಳನ್ನು ಕೊಯ್ದಾಗ ಅದರೊಳಗೆ ಗಾಳಿ ಇರಲಿಲ್ಲ, ರಕ್ತ ತುಂಬಿತ್ತು. ಲಿಯೊನಾರ್ಡೊನ ಟಿಪ್ಪಣಿಗಳು ಶತಮಾನಗಳ ಕಾಲ ಪ್ರಕಟವಾಗದೆ ಉಳಿದದ್ದರಿಂದ ಈ ಅರಿವು ವೈದ್ಯಕೀಯಕ್ಕೆ ಒದಗಲಿಲ್ಲ.

1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ರಕ್ತ ಪರಿಚಲನೆಯನ್ನು ವಿವರಿಸಿದನು. ಅದಾದ 40 ವರ್ಷಗಳಲ್ಲಿ ನಿಮಿರುವಿಕೆಗೂ ಉತ್ತರ ದೊರೆಯಿತು. 1668ರಲ್ಲಿ ಹಾಲೆಂಡಿನ ಯುವ ವೈದ್ಯ ರೆನಿಯೆ ಡಿ ಗ್ರಾಫ್, ಶವದ ಅಪಧಮನಿಗಳ ಮೂಲಕ ದ್ರವವನ್ನು ತಳ್ಳಿ ಶಿಶ್ನ ನಿಮಿರುವಂತೆ ಮಾಡಿ ತೋರಿಸಿದನು. ಒಳಗೆ ಬರುವ ದ್ರವ ಹೆಚ್ಚಾಗಿ ಹೊರಗೆ ಹೋಗುವುದು ಕಡಿಮೆಯಾದರೆ ನಿಮಿರುವಿಕೆ ಉಂಟಾಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಅಂದರೆ ಇದು ಕೊಳಾಯಿಯ ಲೆಕ್ಕ. ಆದರೆ ಆ ಕೊಳಾಯಿಯನ್ನು ತೆರೆಯುವುದು ಯಾವುದು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ನ್ಯಾಯಾಲಯದಲ್ಲಿ ಪರೀಕ್ಷೆ

ವಿಜ್ಞಾನಿಗಳು ಶವಗಳನ್ನು ಕೊಯ್ದು ನೋಡುತ್ತಿದ್ದ ಅದೇ ಕಾಲದಲ್ಲಿ ಯೂರೋಪಿನ ಸಮಾಜ ಈ ತೊಂದರೆಯನ್ನು ಬೇರೆ ರೀತಿಯಲ್ಲಿ ನೋಡುತ್ತಿತ್ತು. 15ನೇ ಶತಮಾನದ ಕೊನೆಗೆ ಪ್ರಕಟವಾದ, ಮಾಟಗಾತಿಯರನ್ನು ಪತ್ತೆಹಚ್ಚುವ ಕುಖ್ಯಾತ ಕೈಪಿಡಿಯೊಂದು ಗಂಡಸಿನ ಈ ದೌರ್ಬಲ್ಯವನ್ನು ಮಾಟದ ಫಲವೆಂದು ವಿವರಿಸಿತ್ತು. ಯಾರದೋ ದೇಹದಲ್ಲಿ ರಕ್ತ ಹರಿಯಲಿಲ್ಲ ಎಂಬುದಕ್ಕೆ ಬೇರೆ ಯಾರೋ ಹೆಂಗಸು ಹೊಣೆಯಾಗಬೇಕಾಗಿತ್ತು.

ಫ್ರಾನ್ಸಿನಲ್ಲಿ ಇದು ನ್ಯಾಯಾಲಯದ ವಿಷಯವೂ ಆಯಿತು. ಅಲ್ಲಿ ವಿವಾಹ ವಿಚ್ಛೇದನಕ್ಕೆ ಅವಕಾಶವಿರಲಿಲ್ಲ. ಗಂಡ ಸಂಭೋಗಕ್ಕೆ ಅಸಮರ್ಥನೆಂದು ರುಜುವಾತಾದರೆ ಮದುವೆ ರದ್ದಾಗುತ್ತಿತ್ತು. ಇದನ್ನು ರುಜುವಾತು ಮಾಡಲು ‘ಕಾಂಗ್ರೆ’ ಎಂಬ ಪರೀಕ್ಷೆ ಜಾರಿಯಲ್ಲಿತ್ತು. ನ್ಯಾಯಾಲಯ ನೇಮಿಸಿದ ವೈದ್ಯರು, ಶಸ್ತ್ರವೈದ್ಯರು ಹಾಗೂ ಸೂಲಗಿತ್ತಿಯರು ಹತ್ತಿರದಲ್ಲೇ ಕಾದಿರುವಾಗ ಗಂಡ ಹೆಂಡತಿ ಕೂಡಬೇಕಾಗಿತ್ತು!

ಈ ಪರೀಕ್ಷೆಗೆ ಒಳಗಾದವರಲ್ಲಿ ಮಾರ್ಕ್ವಿಸ್ ಡಿ ಲಾಂಜೆ ಎಂಬ ಶ್ರೀಮಂತ ಪ್ರಸಿದ್ಧನು. ಅವನು ಪರೀಕ್ಷೆಯಲ್ಲಿ ಸೋತನು. 1659ರಲ್ಲಿ ಅವನ ಮದುವೆ ರದ್ದಾಯಿತು, ಮತ್ತೆ ಮದುವೆಯಾಗಬಾರದೆಂದು ಆಜ್ಞೆಯೂ ಆಯಿತು. ಆದರೂ ಅವನು ಮತ್ತೊಬ್ಬಳನ್ನು ಮದುವೆಯಾಗಿ ಏಳು ಮಕ್ಕಳ ತಂದೆಯಾದನು. ನ್ಯಾಯಾಲಯಕ್ಕೆ ಮುಜುಗರವಾಯಿತು. 1677ರಲ್ಲಿ ಪ್ಯಾರಿಸಿನ ಉಚ್ಚ ನ್ಯಾಯಾಲಯವು ಈ ಪರೀಕ್ಷೆಯನ್ನೇ ನಿಲ್ಲಿಸಿತು.

ಲಾಂಜೆಯ ಪ್ರಕರಣದಲ್ಲಿ ಒಂದು ಪಾಠವಿದೆ. ಇದರ ಶರೀರಕ್ರಿಯಾತ್ಮಕ ಕಾರಣವನ್ನು ಮುಂದೆ ನೋಡೋಣ. ಭಯ, ಅವಮಾನ, ‘ಆಗುತ್ತದೋ ಇಲ್ಲವೋ’ ಎಂಬ ಆತಂಕ, ಇವು ಯಾವ ರೋಗವೂ ಇಲ್ಲದ ಗಂಡಸನ್ನೂ ಸೋಲಿಸಬಲ್ಲವು. ಒಂದು ಸನ್ನಿವೇಶದಲ್ಲಿ ಸೋತವನು ಇನ್ನೊಂದು ಸನ್ನಿವೇಶದಲ್ಲಿ ಸೋಲಬೇಕಾಗಿಲ್ಲ.

ನರಗಳು, ಗ್ರಂಥಿಗಳು

ಕೊಳಾಯಿಯನ್ನು ತೆರೆಯುವ ಕೈ ಯಾವುದೆಂದು 1863ರಲ್ಲಿ ಗೊತ್ತಾಯಿತು. ಜರ್ಮನಿಯ ಶರೀರಕ್ರಿಯಾ ವಿಜ್ಞಾನಿ ಕೊನ್ರಾಡ್ ಎಕ್‌ಹಾರ್ಡ್, ನಾಯಿಯ ಕಿಬ್ಬೊಟ್ಟೆಯ ಕೆಳಭಾಗದ ಕೆಲವು ನರಗಳಿಗೆ ವಿದ್ಯುತ್ ಪ್ರಚೋದನೆ ಕೊಟ್ಟಾಗ ಶಿಶ್ನ ನಿಮಿರಿತು. ಬೆನ್ನುಹುರಿಯ ಕೆಳತುದಿಯಿಂದ ಬರುವ ಈ ನರಗಳು ನಮ್ಮ ಇಚ್ಛೆಗೆ ಒಳಪಟ್ಟವಲ್ಲ. ಕೈಯನ್ನು ಎತ್ತು ಎಂದರೆ ಎತ್ತಬಹುದು, ನಿಮಿರು ಎಂದು ಅಪ್ಪಣೆ ಮಾಡಲಾಗದು. ‘ಮನಸ್ಸು ಗಟ್ಟಿ ಮಾಡಿಕೋ’ ಎಂಬ ಸಲಹೆ ಏಕೆ ನಿಷ್ಪ್ರಯೋಜಕವೆಂಬುದು ಇದರಿಂದ ತಿಳಿಯುತ್ತದೆ.

ಆದರೆ 19ನೇ ಶತಮಾನದ ಕೊನೆಗೆ ಜನರ ಗಮನವೆಲ್ಲ ಗ್ರಂಥಿಗಳ ಕಡೆಗೆ ತಿರುಗಿತು. 1889ರ ಜೂನ್ 1ರಂದು, 72 ವರ್ಷದ ಪ್ರಖ್ಯಾತ ವಿಜ್ಞಾನಿ ಬ್ರೌನ್-ಸೆಕಾರ್ ಪ್ಯಾರಿಸಿನ ಜೀವವಿಜ್ಞಾನ ಸಂಘದಲ್ಲಿ ಒಂದು ವರದಿ ಮಂಡಿಸಿದನು. ನಾಯಿ ಮತ್ತು ಗಿನಿ ಇಲಿಗಳ ವೃಷಣದ ರಸವನ್ನು ತಾನೇ ಚುಚ್ಚಿಕೊಂಡು ಯೌವನದ ಹುರುಪನ್ನು ಮರಳಿ ಪಡೆದೆನೆಂದು ಅವನು ಹೇಳಿದನು. ಸುದ್ದಿ ಕಾಳ್ಗಿಚ್ಚಿನಂತೆ ಹರಡಿತು. 1920ರ ಸುಮಾರಿಗೆ ಸರ್ಜ್ ವೊರೊನಾಫ್ ಎಂಬ ಶಸ್ತ್ರವೈದ್ಯ ಕೋತಿಗಳ ವೃಷಣದ ಚೂರುಗಳನ್ನು ಗಂಡಸರಿಗೆ ಕಸಿ ಮಾಡತೊಡಗಿದನು. ಎರಡರಿಂದಲೂ ನಿಜವಾದ ಪ್ರಯೋಜನವಿರಲಿಲ್ಲ. ವೃಷಣದ ಹಾರ್ಮೋನು ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ವೃಷಣದಲ್ಲಿ ಅದರ ದಾಸ್ತಾನೂ ಇರುವುದಿಲ್ಲ. ಬ್ರೌನ್-ಸೆಕಾರ್‌ಗೆ ಬಂದ ಹುರುಪು ನಂಬಿಕೆಯಿಂದ ಬಂದದ್ದು.

1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು ಹೋರಿಯ ವೃಷಣದಿಂದ ಟೆಸ್ಟೊಸ್ಟಿರಾನ್ ಹಾರ್ಮೋನನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಕಾ ಬೇರೆ ಬೇರೆಯಾಗಿ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1939ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಇವರಿಬ್ಬರಿಗೆ ಸಂದಿತು. ಟೆಸ್ಟೊಸ್ಟಿರಾನ್ ಕಡಿಮೆಯಾದರೆ ಮುಖ್ಯವಾಗಿ ಲೈಂಗಿಕ ಆಸೆ ಕುಂದುತ್ತದೆ. ಅಂಥವರಿಗೆ ಹಾರ್ಮೋನು ಚಿಕಿತ್ಸೆ ಉಪಯುಕ್ತ. ಆದರೆ ನಿಮಿರು ದೌರ್ಬಲ್ಯ ಇರುವ ಬಹುಪಾಲು ಜನರಲ್ಲಿ ಈ ಹಾರ್ಮೋನಿನ ಕೊರತೆಯೇ ಕಾರಣವಾಗಿರುವುದಿಲ್ಲ.

ಎಲ್ಲವೂ ಮನಸ್ಸಿನಲ್ಲೇ ಇದೆಯೆ?

ಗ್ರಂಥಿಗಳ ಹುಚ್ಚು ಇಳಿದ ಮೇಲೆ ಮನಸ್ಸಿನ ಸರದಿ ಬಂತು. 20ನೇ ಶತಮಾನದ ಬಹುಭಾಗದಲ್ಲಿ ಈ ತೊಂದರೆ ಹೆಚ್ಚಾಗಿ ಮಾನಸಿಕವೆಂದೇ ವೈದ್ಯರು ನಂಬಿದ್ದರು. ಅಮೆರಿಕದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯ ಜಾನ್ಸನ್ 1970ರಲ್ಲಿ ಪ್ರಕಟಿಸಿದ ಗ್ರಂಥವು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಆತಂಕವನ್ನು ಹಂತಹಂತವಾಗಿ ಕಳೆಯುವ ಚಿಕಿತ್ಸೆಯನ್ನು ರೂಪಿಸಿತು. ಇದು ನಿಜಕ್ಕೂ ಉಪಯುಕ್ತವಾದದ್ದು, ಇಂದಿಗೂ ಬಳಕೆಯಲ್ಲಿದೆ. ಆದರೆ ಇದೇ ನಂಬಿಕೆಯಿಂದಾಗಿ ರಕ್ತನಾಳ ಕಟ್ಟಿಕೊಂಡವರಿಗೂ, ಮಧುಮೇಹದಿಂದ ನರ ಹಾಳಾದವರಿಗೂ ‘ಎಲ್ಲ ನಿಮ್ಮ ಮನಸ್ಸಿನಲ್ಲಿದೆ’ ಎಂಬ ಉತ್ತರವೇ ಸಿಗುತ್ತಿತ್ತು.

ಇದಕ್ಕೆ ವಿರುದ್ಧವಾದ ಸಾಕ್ಷ್ಯ ಆಗಲೇ ಇತ್ತು. 1923ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ರೆನೆ ಲೆರಿಶ್, ಮಹಾಪಧಮನಿಯ ಕೆಳತುದಿ ಕಟ್ಟಿಕೊಂಡವರಲ್ಲಿ ನಡೆಯುವಾಗ ಕಾಲುನೋವು ಬರುವುದನ್ನೂ ಜೊತೆಗೆ ನಿಮಿರುವಿಕೆ ಇಲ್ಲವಾಗುವುದನ್ನೂ ವಿವರಿಸಿದ್ದನು.

ಮನಸ್ಸನ್ನೂ ದೇಹವನ್ನೂ ಬೇರ್ಪಡಿಸಿ ನೋಡುವ ಉಪಾಯ ನಿದ್ರೆಯಿಂದ ಬಂತು. 1944ರಲ್ಲಿ ಜರ್ಮನಿಯ ಸಂಶೋಧಕರು ನಿದ್ರೆಯಲ್ಲಿ ಶಿಶ್ನವು ನಿಗದಿತ ಅಂತರದಲ್ಲಿ ನಿಮಿರುತ್ತದೆ ಎಂದು ದಾಖಲಿಸಿದರು. 1953ರಲ್ಲಿ, ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ, ಕನಸುಗಳು ಬೀಳುವ ನಿದ್ರೆಯ ಹಂತ ಪತ್ತೆಯಾಯಿತು. ಈ ಎರಡಕ್ಕೂ ಸಂಬಂಧವಿದೆಯೆಂದು 1965ರಲ್ಲಿ ತಿಳಿದುಬಂತು. ಆರೋಗ್ಯವಂತ ಗಂಡಸಿನಲ್ಲಿ ರಾತ್ರಿಗೆ ಮೂರರಿಂದ ಐದು ಬಾರಿ ಹೀಗಾಗುತ್ತದೆ. ಬೆಳಗಿನ ಜಾವದ ನಿಮಿರುವಿಕೆ ಈ ಸರಣಿಯ ಕೊನೆಯದು. ಮೂತ್ರಕೋಶ ತುಂಬಿರುವುದೇ ಇದಕ್ಕೆ ಕಾರಣ ಎಂಬುದು ಸರಿಯಲ್ಲ.

ನಿದ್ರೆಯಲ್ಲಿ ಆತಂಕವಿಲ್ಲ, ಸಂಗಾತಿಯ ಮುಂದೆ ಸೋಲುವ ಭಯವಿಲ್ಲ. ಆದ್ದರಿಂದ ನಿದ್ರೆಯಲ್ಲಿ ನಿಮಿರುವಿಕೆ ಚೆನ್ನಾಗಿದ್ದರೆ ರಕ್ತನಾಳಗಳೂ ನರಗಳೂ ಬಹುತೇಕ ಸರಿಯಾಗಿವೆ ಎಂದರ್ಥ. ನಿದ್ರೆಯಲ್ಲೂ ಇಲ್ಲವಾದರೆ ದೇಹದಲ್ಲೇ ಕಾರಣ ಹುಡುಕಬೇಕು. ಯಂತ್ರಗಳು ದುಬಾರಿಯಾಗಿದ್ದ ಕಾಲದಲ್ಲಿ ಅಂಚೆಚೀಟಿಗಳಿಂದಲೇ ಈ ಪರೀಕ್ಷೆ ಮಾಡಬಹುದೆಂದು 1980ರಲ್ಲಿ ಅಮೆರಿಕದ ವೈದ್ಯರು ತೋರಿಸಿದರು. ಮಲಗುವ ಮುನ್ನ ಅಂಚೆಚೀಟಿಗಳ ಸಾಲನ್ನು ಶಿಶ್ನದ ಸುತ್ತ ಅಂಟಿಸುವುದು, ಬೆಳಗ್ಗೆ ಚೀಟಿಗಳ ನಡುವಿನ ರಂಧ್ರಸಾಲು ಹರಿದಿದೆಯೇ ಎಂದು ನೋಡುವುದು, ಇಷ್ಟೇ!

ಸೂಜಿಯ ತುದಿಯಲ್ಲಿ ಉತ್ತರ

1982ರಲ್ಲಿ ಪ್ಯಾರಿಸಿನ ಶಸ್ತ್ರವೈದ್ಯ ರೊನಾಲ್ಡ್ ವಿರಾಗ್, ಪಪಾವರಿನ್ ಎಂಬ ಔಷಧಿಯನ್ನು ಶಿಶ್ನದೊಳಕ್ಕೆ ಚುಚ್ಚಿದರೆ ನಿಮಿರುವಿಕೆ ಉಂಟಾಗುತ್ತದೆಂದು ಪ್ರಕಟಿಸಿದನು. ಇದು ಶಸ್ತ್ರಚಿಕಿತ್ಸೆಯ ನಡುವೆ ಆಕಸ್ಮಿಕವಾಗಿ ಕಣ್ಣಿಗೆ ಬಿದ್ದ ಸಂಗತಿ. ಇದೇ ಸಮಯದಲ್ಲಿ ಬ್ರಿಟನ್ನಿನ ಜೈಲ್ಸ್ ಬ್ರಿಂಡ್ಲಿ ಬೇರೆ ಔಷಧಿಗಳೊಂದಿಗೆ ಪ್ರಯೋಗ ನಡೆಸುತ್ತಿದ್ದನು, ಅದೂ ತನ್ನ ಮೇಲೆಯೇ. 1983ರಲ್ಲಿ ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ನಡೆದ ಮೂತ್ರರೋಗ ತಜ್ಞರ ಸಮ್ಮೇಳನದಲ್ಲಿ ಅವನು ಉಪನ್ಯಾಸ ಕೊಟ್ಟನು. ಉಪನ್ಯಾಸಕ್ಕೆ ಮುಂಚೆ ಔಷಧಿಯನ್ನು ಚುಚ್ಚಿಕೊಂಡು ಬಂದಿದ್ದ ಆ ವಿಜ್ಞಾನಿ, ಯಾವ ಲೈಂಗಿಕ ಪ್ರಚೋದನೆಯೂ ಇಲ್ಲದೆ ಬರೀ ಔಷಧಿಯಿಂದಲೇ ಇದು ಸಾಧ್ಯ ಎಂಬುದನ್ನು ಸಭಿಕರಿಗೆ ತನ್ನ ದೇಹದಲ್ಲೇ ತೋರಿಸಿಬಿಟ್ಟನು. ಸಭೆ ತಬ್ಬಿಬ್ಬಾಯಿತು. ಆದರೆ ಉಪನ್ಯಾಸ ಕೊಡುವುದು ಯಾರಲ್ಲೂ ಕಾಮೋದ್ರೇಕ ಉಂಟುಮಾಡುವ ಕೆಲಸವಲ್ಲವಷ್ಟೆ. ಹಾಗಾಗಿ ಅವನ ವಾದಕ್ಕೆ ಬೇರೆ ಪುರಾವೆ ಬೇಕಾಗಲಿಲ್ಲ.

ಈ ಔಷಧಿಗಳ ಸಾಮಾನ್ಯ ಗುಣವೇನು? ಇವು ನಯಸ್ನಾಯುಗಳನ್ನು ಸಡಿಲಿಸುತ್ತವೆ. ಇಲ್ಲಿ ಶಿಶ್ನದ ರಚನೆಯನ್ನು ಸ್ವಲ್ಪ ನೋಡಬೇಕು. ಅದರ ಉದ್ದಕ್ಕೂ ಸ್ಪಂಜಿನಂಥ ಎರಡು ಕಂಬಗಳಿವೆ. ಸ್ಪಂಜಿನ ಗೂಡುಗಳ ಗೋಡೆಯಲ್ಲಿ ನಯಸ್ನಾಯುಗಳಿವೆ. ಸಾಮಾನ್ಯ ಸ್ಥಿತಿಯಲ್ಲಿ ಈ ಸ್ನಾಯುಗಳು ಬಿಗಿದುಕೊಂಡಿರುತ್ತವೆ, ಆಗ ಗೂಡುಗಳಿಗೆ ಹೆಚ್ಚು ರಕ್ತ ಬರುವುದಿಲ್ಲ. ಸ್ನಾಯುಗಳು ಸಡಿಲಗೊಂಡಾಗ ಅಪಧಮನಿಗಳಿಂದ ರಕ್ತ ನುಗ್ಗಿ ಗೂಡುಗಳು ಉಬ್ಬುತ್ತವೆ. ಉಬ್ಬಿದ ಸ್ಪಂಜು ಸುತ್ತಲಿನ ಗಟ್ಟಿ ಪೊರೆಗೆ ಒತ್ತಿಕೊಳ್ಳುತ್ತದೆ. ನಡುವೆ ಸಿಕ್ಕ ಅಭಿಧಮನಿಗಳು ಅಮುಕಿಹೋಗಿ ರಕ್ತ ಹೊರಹೋಗುವ ದಾರಿ ಮುಚ್ಚುತ್ತದೆ. ಹೀಗೆ ನಿಮಿರುವಿಕೆ ಸ್ನಾಯು ಬಿಗಿಯುವುದರಿಂದಲ್ಲ, ಸಡಿಲವಾಗುವುದರಿಂದ ಆಗುವ ಕ್ರಿಯೆ.

ಭಯಗೊಂಡಾಗ ಅಥವಾ ಆತಂಕಗೊಂಡಾಗ ಅಡ್ರಿನಲಿನ್ ಮತ್ತು ಅದರ ಬಳಗದ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಅವು ಇದೇ ನಯಸ್ನಾಯುಗಳನ್ನು ಬಿಗಿಗೊಳಿಸುತ್ತವೆ. ಮಾರ್ಕ್ವಿಸ್ ಡಿ ಲಾಂಜೆ ಪರೀಕ್ಷೆಯಲ್ಲಿ ಏಕೆ ಸೋತಿರಬಹುದು ಎಂಬುದಕ್ಕೆ ಇಲ್ಲಿ ವಿವರಣೆ ಇದೆ. ಮನಸ್ಸು ಮತ್ತು ದೇಹ ಎರಡು ಬೇರೆ ಬಾಗಿಲುಗಳಲ್ಲ, ಒಂದೇ ಬಾಗಿಲಿನ ಎರಡು ಅಗುಳಿಗಳು.

ನೊಬೆಲ್ ಅಣು

ಚುಚ್ಚುಮದ್ದು ಮಾಡುವ ಕೆಲಸವನ್ನು ದೇಹ ಸಹಜವಾಗಿ ಯಾವ ರಾಸಾಯನಿಕದಿಂದ ಮಾಡುತ್ತದೆ? ಇದಕ್ಕೆ ಉತ್ತರ ಹೃದಯದ ಸಂಶೋಧನೆಯಿಂದ ಬಂತು. ನೈಟ್ರೊಗ್ಲಿಸರಿನ್ ಒಂದು ಸ್ಫೋಟಕ. ಅದನ್ನು ಪಳಗಿಸಿ ಡೈನಮೈಟ್ ತಯಾರಿಸಿದವನು ಆಲ್‌ಫ್ರೆಡ್ ನೊಬೆಲ್. ಅದೇ ವಸ್ತು ಹೃದಯಶೂಲೆಗೆ ಮದ್ದೆಂಬುದು 19ನೇ ಶತಮಾನದಲ್ಲೇ ತಿಳಿದಿತ್ತು. ನೊಬೆಲ್ ಹೃದ್ರೋಗಿಯಾದಾಗ ಅವನಿಗೂ ವೈದ್ಯರು ಅದನ್ನೇ ಸೂಚಿಸಿದ್ದರು! ಆದರೆ ಅದು ಕೆಲಸ ಮಾಡುವ ಬಗೆ ನೂರು ವರ್ಷ ಒಗಟಾಗಿತ್ತು.

1977ರಲ್ಲಿ ಫೆರಿಡ್ ಮ್ಯುರಾಡ್, ನೈಟ್ರೊಗ್ಲಿಸರಿನ್‌ನಂಥ ಔಷಧಿಗಳು ನೈಟ್ರಿಕ್ ಆಕ್ಸೈಡ್ ಅನಿಲವನ್ನು ಬಿಡುಗಡೆ ಮಾಡುತ್ತವೆಂದು ತೋರಿಸಿದನು. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್, ರಕ್ತನಾಳದ ಒಳಪದರವೇ ನಾಳವನ್ನು ಸಡಿಲಿಸುವ ವಸ್ತುವೊಂದನ್ನು ಸ್ರವಿಸುತ್ತದೆಂದು ಕಂಡುಹಿಡಿದನು. ಆ ವಸ್ತು ನೈಟ್ರಿಕ್ ಆಕ್ಸೈಡೇ ಎಂಬುದು 1980ರ ದಶಕದ ಕೊನೆಯ ಭಾಗದಲ್ಲಿ ಲೂಯಿಸ್ ಇಗ್ನಾರೊ ಮತ್ತು ಬೇರೆಯಾಗಿ ಸಾಲ್ವಡಾರ್ ಮಾಂಕಾಡ ಅವರ ಕೆಲಸದಿಂದ ಸ್ಥಿರಪಟ್ಟಿತು. ಶಿಶ್ನದ ನಯಸ್ನಾಯುಗಳನ್ನು ಸಡಿಲಿಸುವುದೂ ಇದೇ ಅನಿಲ ಎಂಬುದು 1992ರ ಹೊತ್ತಿಗೆ ಖಚಿತವಾಯಿತು. ಮ್ಯುರಾಡ್, ಫರ್ಚ್‌ಗಾಟ್ ಮತ್ತು ಇಗ್ನಾರೊ 1998ರ ವೈದ್ಯ ವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಕ್ರಮ ಹೀಗಿದೆ. ಕಾಮಪ್ರಚೋದನೆಯಾದಾಗ ನರತುದಿಗಳಿಂದಲೂ ರಕ್ತನಾಳಗಳ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗುತ್ತದೆ. ಅದು ಸ್ನಾಯುಕೋಶಗಳಲ್ಲಿ ಸೈಕ್ಲಿಕ್ ಜಿಎಂಪಿ ಎಂಬ ಅಣುವನ್ನು ಹೆಚ್ಚಿಸುತ್ತದೆ. ಸ್ನಾಯು ಸಡಿಲವಾಗುತ್ತದೆ. ಕೆಲಸ ಮುಗಿದ ಮೇಲೆ ಫಾಸ್ಫೊಡೈಎಸ್ಟರೇಸ್-5 ಎಂಬ ಕಿಣ್ವ ಆ ಅಣುವನ್ನು ಒಡೆಯುತ್ತದೆ.

ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿದ್ದ ಫೈಜರ್ ಕಂಪನಿಯ ಪ್ರಯೋಗಶಾಲೆಯಲ್ಲಿ ಈ ಕಿಣ್ವವನ್ನು ತಡೆಯುವ ಸಿಲ್ಡೆನಫಿಲ್ ಎಂಬ ಔಷಧಿ ತಯಾರಾಯಿತು. ಉದ್ದೇಶ ಹೃದಯಶೂಲೆಯ ಚಿಕಿತ್ಸೆಯಾಗಿತ್ತು. 1990ರ ದಶಕದ ಆರಂಭದ ಪರೀಕ್ಷೆಗಳಲ್ಲಿ ಹೃದಯಕ್ಕೆ ನಿರೀಕ್ಷಿಸಿದಷ್ಟು ಪ್ರಯೋಜನವಾಗಲಿಲ್ಲ. ಆದರೆ ಸ್ವಯಂಸೇವಕರು ಹೇಳಿದ ‘ಅಡ್ಡ ಪರಿಣಾಮ’ಗಳಲ್ಲಿ ನಿಮಿರುವಿಕೆಯೂ ಇತ್ತು. ಸಂಶೋಧಕರು ದಿಕ್ಕು ಬದಲಿಸಿದರು. 1998ರ ಮಾರ್ಚ್ 27ರಂದು ವಯಾಗ್ರ ಹೆಸರಿನಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು. 2003ರಲ್ಲಿ ಇದೇ ಜಾತಿಯ ವಾರ್ಡೆನಫಿಲ್ ಮತ್ತು ಟಡಾಲಫಿಲ್ ಬಂದವು.

ಇವು ಕಾಮೋತ್ತೇಜಕಗಳಲ್ಲ. ಪ್ರಚೋದನೆಯಿಂದ ನೈಟ್ರಿಕ್ ಆಕ್ಸೈಡ್ ಹುಟ್ಟದಿದ್ದರೆ ಗುಳಿಗೆಯಿಂದ ಏನೂ ಆಗುವುದಿಲ್ಲ. ಹೃದ್ರೋಗಕ್ಕೆ ನೈಟ್ರೇಟ್ ಗುಳಿಗೆ ಸೇವಿಸುವವರು ಇವನ್ನು ಮುಟ್ಟಲೇಬಾರದು. ಎರಡೂ ಒಂದೇ ದಾರಿಯಲ್ಲಿ ಕೆಲಸ ಮಾಡುವುದರಿಂದ ರಕ್ತದೊತ್ತಡ ಪ್ರಾಣಾಪಾಯವಾಗುವಷ್ಟು ಕುಸಿಯಬಹುದು. ಎದೆನೋವೆಂದು ಆಸ್ಪತ್ರೆಗೆ ಹೋಗುವವರು ಇಂಥ ಗುಳಿಗೆ ತೆಗೆದುಕೊಂಡಿದ್ದರೆ ಅದನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಬೇಕು.

ಕಿರಿದಾದ ನಾಳದ ಎಚ್ಚರಿಕೆ

ಗುಳಿಗೆಯ ಅಬ್ಬರದಲ್ಲಿ ಅದಕ್ಕಿಂತ ದೊಡ್ಡ ಸಂಗತಿಯೊಂದು ಹಿಂದೆ ಸರಿಯಿತು. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದಲ್ಲಿ 40ರಿಂದ 70 ವರ್ಷದ 1290 ಗಂಡಸರನ್ನು ಕುರಿತ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡ 52 ಮಂದಿಗೆ ಅಲ್ಪವೋ ಹೆಚ್ಚೋ ನಿಮಿರು ದೌರ್ಬಲ್ಯವಿತ್ತು. ಪೂರ್ಣ ದೌರ್ಬಲ್ಯ 40ರ ವಯಸ್ಸಿನಲ್ಲಿ ಶೇಕಡ 5 ಇದ್ದದ್ದು 70ರಲ್ಲಿ ಶೇಕಡ 15ಕ್ಕೆ ಏರಿತ್ತು. ಇದು ವಿರಳ ಕಾಯಿಲೆಯಲ್ಲ ಎಂಬುದು ಇದರಿಂದ ತಿಳಿಯಿತು. ಹೃದ್ರೋಗ, ಮಧುಮೇಹ, ರಕ್ತದ ಏರೊತ್ತಡ ಉಳ್ಳವರಲ್ಲಿ ಇದು ಹೆಚ್ಚು ಎಂಬುದೂ ತಿಳಿಯಿತು.

ಕಾರಣ ಊಹಿಸುವುದು ಕಷ್ಟವಲ್ಲ. ಶಿಶ್ನದ ಅಪಧಮನಿಯ ವ್ಯಾಸ 1ರಿಂದ 2 ಮಿಲಿಮೀಟರು. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕಿರೀಟಧಮನಿಯದು 3ರಿಂದ 4 ಮಿಲಿಮೀಟರು. ಕೊಬ್ಬು ಕಟ್ಟಿಕೊಳ್ಳುವುದೂ ಒಳಪದರ ಹಾಳಾಗುವುದೂ ದೇಹದ ಎಲ್ಲ ನಾಳಗಳಲ್ಲಿ ಒಟ್ಟಿಗೆ ನಡೆಯುವ ಕ್ರಿಯೆ. ಕಿರಿದಾದ ಕೊಳವೆಯಲ್ಲಿ ಅದರ ಪರಿಣಾಮ ಮೊದಲು ಗೋಚರವಾಗುತ್ತದೆ. ಇಟಲಿಯ ಸಂಶೋಧಕರು 2000ರ ದಶಕದಲ್ಲಿ ಈ ವಾದವನ್ನು ಮುಂದಿಟ್ಟರು. ಹೃದಯದ ತೊಂದರೆ ತಲೆದೋರುವುದಕ್ಕೆ ಸುಮಾರು ಎರಡರಿಂದ ಐದು ವರ್ಷ ಮುಂಚೆಯೇ ಹಲವರಲ್ಲಿ ನಿಮಿರು ದೌರ್ಬಲ್ಯ ಕಾಣಿಸಿಕೊಂಡಿರುತ್ತದೆ. 2005ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನವೂ, ಹೊಸದಾಗಿ ಈ ತೊಂದರೆ ಬಂದವರಲ್ಲಿ ಮುಂದೆ ಹೃದ್ರೋಗ ಹೆಚ್ಚೆಂದು ತೋರಿಸಿತು.

ಆದ್ದರಿಂದ ನಾಚಿಕೆಯಿಂದ ಇದನ್ನು ಮುಚ್ಚಿಡುವವನು ಬರೀ ದಾಂಪತ್ಯ ಸುಖವನ್ನು ಕಳೆದುಕೊಳ್ಳುವುದಿಲ್ಲ. ಹೃದಯಾಘಾತವನ್ನು ತಡೆಯಬಹುದಾಗಿದ್ದ ಎರಡು ಮೂರು ವರ್ಷಗಳನ್ನೂ ಕಳೆದುಕೊಳ್ಳಬಹುದು.

ಕಾರಣಗಳೇನು?

ಇಂದಿನ ತಿಳಿವಳಿಕೆಯಂತೆ ಕಾರಣಗಳನ್ನು ಹೀಗೆ ಗುಂಪು ಮಾಡಬಹುದು.

ರಕ್ತನಾಳಕ್ಕೆ ಸಂಬಂಧಿಸಿದವು: ಏರೊತ್ತಡ, ಹೆಚ್ಚಿದ ಕೊಲೆಸ್ಟರಾಲ್, ಬೀಡಿ ಸಿಗರೇಟು, ಬೊಜ್ಜು. ನರಕ್ಕೆ ಸಂಬಂಧಿಸಿದವು: ಬೆನ್ನುಹುರಿಯ ಪೆಟ್ಟು, ಪಾರ್ಶ್ವವಾಯು, ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆ. ಈ ಶಸ್ತ್ರಚಿಕಿತ್ಸೆಯಲ್ಲಿ ನಿಮಿರುವಿಕೆಯ ನರಗಳನ್ನು ಉಳಿಸುವ ವಿಧಾನವನ್ನು ಅಮೆರಿಕದ ಪ್ಯಾಟ್ರಿಕ್ ವಾಲ್ಶ್ 1982ರಲ್ಲಿ ಆರಂಭಿಸಿದನು. ಮಧುಮೇಹವಂತೂ ನಾಳ, ನರ ಎರಡನ್ನೂ ಕೆಡಿಸುತ್ತದೆ. ಹಾರ್ಮೋನಿಗೆ ಸಂಬಂಧಿಸಿದವು: ಟೆಸ್ಟೊಸ್ಟಿರಾನ್ ಕೊರತೆ, ಥೈರಾಯ್ಡ್ ದೋಷಗಳು, ಪ್ರೊಲ್ಯಾಕ್ಟಿನ್ ಹೆಚ್ಚಳ. ಔಷಧಿಗಳು: ರಕ್ತದೊತ್ತಡದ ಕೆಲವು ಗುಳಿಗೆಗಳು, ಖಿನ್ನತೆಯ ಕೆಲವು ಔಷಧಿಗಳು. ಮಿತಿಮೀರಿದ ಮದ್ಯಪಾನ. ಮನಸ್ಸಿಗೆ ಸಂಬಂಧಿಸಿದವು: ಆತಂಕ, ಖಿನ್ನತೆ, ದಾಂಪತ್ಯದ ಬಿರುಕು. ಬಹಳ ಮಂದಿಯಲ್ಲಿ ಒಂದಕ್ಕಿಂತ ಹೆಚ್ಚು ಕಾರಣಗಳು ಬೆರೆತಿರುತ್ತವೆ. ದೇಹದ ಕಾರಣದಿಂದ ಒಮ್ಮೆ ಸೋತವನಿಗೆ ಮುಂದಿನ ಬಾರಿ ಆತಂಕವೂ ಜೊತೆಯಾಗುತ್ತದೆ.

ಹಸ್ತಮೈಥುನವಾಗಲಿ ಸ್ವಪ್ನಸ್ಖಲನವಾಗಲಿ ಈ ಪಟ್ಟಿಯಲ್ಲಿ ಇಲ್ಲ ಎಂಬುದನ್ನು ಗಮನಿಸಿ. ವೀರ್ಯನಷ್ಟದಿಂದ ಶಕ್ತಿ ಹೋಗುತ್ತದೆಂಬ ಭಯ ನಮ್ಮ ದೇಶದ ಯುವಕರಲ್ಲಿ ಎಷ್ಟು ಸಾಮಾನ್ಯವೆಂದರೆ, ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂದೇ ಹೆಸರಿಟ್ಟರು. ಕಾಯಿಲೆಯಿರುವುದು ವೀರ್ಯದಲ್ಲಲ್ಲ, ಆ ಭಯದಲ್ಲಿ.

ವೈದ್ಯರನ್ನು ಯಾವಾಗ ಕಾಣಬೇಕು?

ದಣಿವಿನಿಂದಲೋ ಕುಡಿತದಿಂದಲೋ ಜಗಳದಿಂದಲೋ ಎಂದಾದರೊಮ್ಮೆ ಹೀಗಾಗುವುದು ಸಹಜ, ಚಿಂತಿಸಬೇಕಾಗಿಲ್ಲ. ತೊಂದರೆ ಕೆಲವು ವಾರ, ತಿಂಗಳು ಮುಂದುವರಿದರೆ ವೈದ್ಯರನ್ನು ಕಾಣಬೇಕು. ಬೆಳಗಿನ ನಿಮಿರುವಿಕೆಯೂ ನಿಂತಿದ್ದರೆ, ಮಧುಮೇಹ ಅಥವಾ ಏರೊತ್ತಡವಿದ್ದರೆ, ಹೊಸ ಔಷಧಿ ಆರಂಭಿಸಿದ ಮೇಲೆ ತೊಂದರೆ ಬಂದಿದ್ದರೆ ತಡಮಾಡಬಾರದು. ಆದರೆ ಆ ಔಷಧಿಯನ್ನು ತಾವಾಗಿಯೇ ನಿಲ್ಲಿಸಲೂ ಬಾರದು, ವೈದ್ಯರು ಬದಲಿ ಔಷಧಿ ಕೊಡಬಲ್ಲರು. ನಡೆಯುವಾಗ ಎದೆನೋವು ಬರುತ್ತಿದ್ದರೆ ಮೊದಲು ಹೃದಯದ ತಪಾಸಣೆ ಆಗಬೇಕು. ಸಂಭೋಗದ ಶ್ರಮ ಎರಡು ಮಹಡಿ ಮೆಟ್ಟಿಲು ಹತ್ತುವ ಶ್ರಮಕ್ಕೆ ಹೆಚ್ಚುಕಡಿಮೆ ಸಮ. ಯಾವುದೇ ಔಷಧಿಯಿಂದ ನಿಮಿರಿದ ಶಿಶ್ನ ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ ಅದು ತುರ್ತು ಸ್ಥಿತಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮೊದಲು ಕುಟುಂಬ ವೈದ್ಯರ ಬಳಿಗೇ ಹೋಗಬಹುದು. ಅವರು ಕೇಳುವ ಪ್ರಶ್ನೆಗಳೇ ಅರ್ಧ ರೋಗನಿದಾನ. ತೊಂದರೆ ಒಮ್ಮೆಲೇ ಬಂತೋ ನಿಧಾನವಾಗಿ ಬಂತೋ? ಬೆಳಗಿನ ಹೊತ್ತು ಹೇಗಿದೆ? ಆಸೆ ಇದೆಯೇ? ಬಳಿಕ ರಕ್ತದೊತ್ತಡ, ರಕ್ತದ ಸಕ್ಕರೆ, ಕೊಲೆಸ್ಟರಾಲ್, ಬೆಳಗಿನ ಹೊತ್ತಿನ ಟೆಸ್ಟೊಸ್ಟಿರಾನ್ ಪರೀಕ್ಷೆಗಳು ನಡೆಯುತ್ತವೆ. ಚಿಕಿತ್ಸೆಯಲ್ಲಿ ಮೊದಲ ಸ್ಥಾನ ಬದುಕಿನ ಕ್ರಮಕ್ಕೆ. 2004ರಲ್ಲಿ ಇಟಲಿಯಲ್ಲಿ ಬೊಜ್ಜಿನ 110 ಗಂಡಸರ ಮೇಲೆ ನಡೆದ ಅಧ್ಯಯನದಲ್ಲಿ, ಆಹಾರ ವ್ಯಾಯಾಮಗಳಿಂದ ತೂಕ ಇಳಿಸಿದ ಗುಂಪಿನ ಸುಮಾರು ಮೂರನೇ ಒಂದು ಭಾಗದವರಿಗೆ ಗುಳಿಗೆಯಿಲ್ಲದೆಯೇ ಸಹಜ ಶಕ್ತಿ ಮರಳಿತು. ನಂತರ ಗುಳಿಗೆ, ಆಪ್ತಸಲಹೆ, ನಿರ್ವಾತ ಸಾಧನ, ಚುಚ್ಚುಮದ್ದು. ಯಾವುದೂ ಫಲಿಸದವರಿಗೆ, 1973ರಲ್ಲಿ ಅಮೆರಿಕದಲ್ಲಿ ಮೊದಲು ಬಳಕೆಗೆ ಬಂದ, ದ್ರವ ತುಂಬಿಸಿ ಉಬ್ಬಿಸಬಲ್ಲ ಕೃತಕ ಸಾಧನದ ಅಳವಡಿಕೆ. ಹೆಂಡತಿಯೂ ಜೊತೆಗೆ ಬಂದು ವೈದ್ಯರೊಂದಿಗೆ ಮಾತನಾಡಿದರೆ ಚಿಕಿತ್ಸೆ ಹೆಚ್ಚು ಫಲಕಾರಿ.

ಬಸ್ ನಿಲ್ದಾಣದ ಗೋಡೆಗಳ ಮೇಲೆ, ಮೂತ್ರಾಲಯಗಳಲ್ಲಿ ‘ಗುಪ್ತರೋಗ’ಗಳಿಗೆ ಖಚಿತ ಚಿಕಿತ್ಸೆಯ ಬರಹಗಳನ್ನು ನಾವೆಲ್ಲ ನೋಡಿದ್ದೇವೆ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯ ಪ್ರಕಾರ ಇಂಥ ಜಾಹೀರಾತು ಅಪರಾಧ. ‘ಶುದ್ಧ ಗಿಡಮೂಲಿಕೆ’ ಎಂದು ಮಾರುವ ಕೆಲವು ಪುಡಿ ಗುಳಿಗೆಗಳಲ್ಲಿ ಸಿಲ್ಡೆನಫಿಲ್ ಬೆರೆಸಿರುವುದು ಹಲವು ದೇಶಗಳ ತಪಾಸಣೆಯಲ್ಲಿ ಪತ್ತೆಯಾಗಿದೆ. ನೈಟ್ರೇಟ್ ಸೇವಿಸುವ ಹೃದ್ರೋಗಿ ಗಿಡಮೂಲಿಕೆಯೆಂದು ನಂಬಿ ಇದನ್ನು ನುಂಗಿದರೆ ಏನಾಗಬಹುದೆಂದು ಮೇಲೆ ಹೇಳಿದ್ದಾಗಿದೆ.

ಗೇಲನ್‌ನ ಗಾಳಿ ಮತ್ತು ಮಾಟಗಾತಿಯರ ಕೈವಾಡ ಇತಿಹಾಸ ಸೇರಿವೆ. ಉಳಿದಿರುವುದು ನಾಚಿಕೆ ಮಾತ್ರ. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ವೈದ್ಯರ ಬಳಿಗೆ ಹೋಗುವವರು, ಅವೆರಡರಿಂದಲೇ ಬರಬಹುದಾದ ಈ ತೊಂದರೆಯನ್ನು ಅದೇ ವೈದ್ಯರಿಗೆ ಅದೇ ಸರಳತೆಯಿಂದ ಹೇಳುವಂತಾಗಬೇಕು.